ತೂಕದ ಸಾಹೇಬರ ಐದು ಗಿಗಾಹರ್ಟ್ಸ್

ಮೂವತ್ತೊಂದು ವರ್ಷ ಅವರ ಕೆಲಸವೇ ಬೇರೆಯವರ ತಕ್ಕಡಿ ನೋಡುವುದಾಗಿತ್ತು. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಒಳಗೆ ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆ, ಅದರೊಳಗೆ ಸಾಲಾಗಿ ಮಲಗಿದ ಹಿತ್ತಾಳೆಯ ತೂಕದ ಬಟ್ಟುಗಳು. ಅದನ್ನು ಹಿಡಿದುಕೊಂಡು ಅವರು ಮಾರುಕಟ್ಟೆಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಅಂಗಡಿಯವರೆಲ್ಲ ತಕ್ಕಡಿಯ ತಟ್ಟೆ ಒರೆಸಲು ಶುರುಮಾಡುತ್ತಿದ್ದರು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬೀದಿಯವರ ಬಾಯಲ್ಲಿ ಅವರು ತೂಕದ ಸಾಹೇಬರೇ. ಮಾತೂ ಹಾಗೆಯೇ, ಅಳೆದು ಸುರಿದಂತೆ. "ನಾನು ಇವತ್ತು ಕೇಳಿದ್ದಕ್ಕೆ ನಾಳೆ ಉತ್ತರ ಬರತ್ತೆ. ತೂಗಿ, ಮುದ್ರೆ ಒತ್ತಿ ಕೊಡ್ಬೇಕಲ್ಲ" ಎಂದು ಹೆಂಡತಿ ನೆಂಟರ ಮುಂದೆ ನಗುತ್ತಿದ್ದರು.

ಇವರ ಬೀಗರು, ಅಂದರೆ ಮಗಳ ಮಾವ, ಟೈರು ಅಂಗಡಿಯ ಯಜಮಾನರು. ಇವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರದು ಗಾಳಿ ಹೊಡೆದ ದನಿ. ಪಕ್ಕದ ಬೀದಿಯಲ್ಲಿ ನಿಂತವರಿಗೂ ಅವರ ಗುಟ್ಟು ಕೇಳಿಸುತ್ತಿತ್ತು. ಮಕ್ಕಳ ಮದುವೆಯ ದಿನ ಫೋಟೋಕ್ಕೆ ನಿಲ್ಲುವಾಗ, ಯಾರು ಬಲಕ್ಕೆ ಯಾರು ಎಡಕ್ಕೆ ಎಂಬ ವಿಷಯದಲ್ಲಿ ಇಬ್ಬರಿಗೂ ಒಂದು ಮಾತು ಹೆಚ್ಚಾಯಿತು. ಆ ಒಂದು ಮಾತು ಏಳು ವರ್ಷ ಎಳೆಯಿತು. ಕ್ಷೇಮಸಮಾಚಾರವೂ ಮಗಳ ಬಾಯಿಂದಲೇ ಆಚೀಚೆ ಓಡಾಡುತ್ತಿತ್ತು.

ಆ ಮೌನ ಮುರಿದದ್ದು ಎರಡು ಕಂಪ್ಯೂಟರಿನಿಂದ. ಅಳಿಯ ಕೆಲಸ ಮಾಡುತ್ತಿದ್ದದ್ದು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ. ಅದು ಬೇರೆ ಕಡೆಗೆ ಹೋಗುವಾಗ ಹಳೆಯ ಕಂಪ್ಯೂಟರುಗಳನ್ನು ನೌಕರರಿಗೇ ಹಂಚಿಬಿಟ್ಟರು. ಅಳಿಯನಿಗೆ ಎರಡು ಬಂದವು. ಒಂದನ್ನು ತನ್ನ ಅಪ್ಪನಿಗೆ, ಇನ್ನೊಂದನ್ನು ಮಾವನಿಗೆ ಕೊಟ್ಟ. ಎರಡೂ ಒಂದೇ ಮಾದರಿ, ಒಂದೇ ದಿನ ಕೊಂಡದ್ದು. ಹಿಂಬದಿಯ ಚೀಟಿಯಲ್ಲಿದ್ದ ಸಂಖ್ಯೆಯೂ ಹಿಂದುಮುಂದಿನದು. ಸಾಹೇಬರು ಅದನ್ನು ಕನ್ನಡಕ ಹಾಕಿಕೊಂಡು ಓದಿ, "ಒಂದೇ ಗೂಡಿನ ಎರಡು ಮೊಟ್ಟೆ" ಎಂದರು.

ಒಂದು ತಿಂಗಳ ಮೇಲೆ ಅವರ ಪರದೆಯ ಮೂಲೆಯಲ್ಲಿ ಚೀಟಿಯಂಥದ್ದೊಂದು ಎದ್ದಿತು. ಕಾರು ಓಟದ ಆಟಕ್ಕೆ ಬೀಗರು ಕರೆದಿದ್ದರು. ಇಬ್ಬರದು ಒಂದು ಜೋಡಿ, ಎದುರಿಗೆ ಎಲ್ಲೆಲ್ಲಿಯವೋ ಹತ್ತಾರು ಜೋಡಿಗಳು. ಇಬ್ಬರ ಕಾರೂ ಗುರಿ ಮುಟ್ಟಬೇಕು, ಇಬ್ಬರ ಸ್ಥಾನವನ್ನೂ ಕೂಡಿಸಿ ಫಲಿತಾಂಶ. ಒಬ್ಬರು ನಡುವೆ ನಿಂತರೆ ಇನ್ನೊಬ್ಬರು ಎಷ್ಟು ಓಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಹೋಗ್ರೀ, ಅವರಾಗೇ ಕರೆದಿದ್ದಾರೆ" ಎಂದರು ಹೆಂಡತಿ.

"ಕಾರು ಓಡಿಸೋದಾ? ಈ ವಯಸ್ಸಿಗೆ?"

"ಏಳು ವರ್ಷ ಮುಖ ಊದಿಸ್ಕೊಂಡು ಕೂರೋಕೆ ವಯಸ್ಸಿತ್ತಲ್ಲ?"

ಹೀಗೆ ಮಂಗಳವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಬೀಗರಿಬ್ಬರೂ ಅವರವರ ಮನೆಯಲ್ಲಿ ಕುಳಿತು ಕಾರು ಓಡಿಸತೊಡಗಿದರು. ಕಿವಿಗೆ ಸಿಕ್ಕಿಸಿಕೊಂಡ ಫೋನಿನಲ್ಲಿ ಟೈರು ಅಂಗಡಿಯವರ ದನಿ: "ಬ್ರೇಕ್, ಬೀಗ್ರೇ, ಬ್ರೇಕ್!" ಬೇರೆ ಮಾತಿಲ್ಲ. ಸಾಹೇಬರಿಗೆ ಅದೇ ಹಿತವೆನಿಸಿತು. ಯಾಕೆ ಹಿತವಾಯಿತು ಎಂದು ಮಾತ್ರ ಅವರಿಗೆ ತಿಳಿಯಲಿಲ್ಲ.

ಆದರೆ ಪ್ರತಿ ಸಲವೂ ಇವರ ಕಾರೇ ಹಿಂದೆ. ಒಂದು ಶುಕ್ರವಾರ ಬೀಗರು ಗುಟ್ಟು ಹೇಳಿದರು.

"ನಿಮ್ದು ಇನ್ನೂ ನಾಲ್ಕು ಏಳರಲ್ಲೇ ಓಡ್ತಿದೆಯಾ? ನಾನು ಪ್ರೊಸೆಸರನ್ನ ಐದಕ್ಕೆ ಏರಿಸಿದ್ದೀನಿ. ಓವರ್‌ಕ್ಲಾಕ್ ಅಂತಾರೆ. ಟೈರಿಗೆ ಎರಡು ಪೌಂಡ್ ಜಾಸ್ತಿ ಗಾಳಿ ಹೊಡ್ದಂಗೆ. ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡರು. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕಮಾಡುವ ಚಿಪ್ಪು. ಕಂಪನಿ ಅದಕ್ಕೆ ನಾಲ್ಕು ಪಾಯಿಂಟ್ ಏಳು ಗಿಗಾಹರ್ಟ್ಸ್ ವೇಗ ನಿಗದಿ ಮಾಡಿದೆ. ನೂರು ಮೆಗಾಹರ್ಟ್ಸಿಗೆ ಗುಣಕ ಐವತ್ತು ಎಂದು ಹಾಕಿದರೆ ಐದು ಗಿಗಾಹರ್ಟ್ಸ್. ವೋಲ್ಟೇಜ್ ಒಂದು ಪಾಯಿಂಟ್ ಎರಡು ಐದು. ಕಂಪನಿ ಬರೆದ ಅಳತೆಯನ್ನು ಮೀರುವುದು ಅವರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಆದರೂ ಬೀಗರದು ಓಡುತ್ತಿದೆಯಲ್ಲ!

ಮರುದಿನ ಬೆಳಿಗ್ಗೆ ಹೆಂಡತಿ ಚೀಟಿ ಓದುತ್ತ, ಇವರು ಒಂದೊಂದೇ ಗುಂಡಿ ಒತ್ತುತ್ತ ಸೆಟ್ಟಿಂಗ್ ಬದಲಾಯಿಸಿದರು. ಪರದೆ ಕಪ್ಪಾಯಿತು. ಬೆಳಕು ಬಂತು, ಮೂಲೆಯಲ್ಲಿ ೫.೦ ಎಂದು ಬಂತು. ಸಾಹೇಬರು ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದು ಅದನ್ನು ನೋಡಿದರು.

ಮಂಗಳವಾರದ ಓಟದಲ್ಲಿ ಹನ್ನೊಂದನೇ ನಿಮಿಷಕ್ಕೆ ಇವರು ಮೂರನೇ ಸ್ಥಾನದಲ್ಲಿದ್ದರು. ಹನ್ನೆರಡನೇ ನಿಮಿಷಕ್ಕೆ ಪರದೆ ಪೂರ್ತಿ ನೀಲಿಯಾಗಿ, ಕ್ಷಮಿಸಿ ಎಂಬಂಥ ಎರಡು ಸಾಲು ತೋರಿಸಿ, ಕಂಪ್ಯೂಟರು ತಾನೇ ಆರಿ ತಾನೇ ಹೊತ್ತಿಕೊಂಡಿತು.

"ಎಲ್ ಹೋದ್ರಿ ಬೀಗ್ರೇ?" ಫೋನು ಕೂಗಿತು.

"ನಾನು ಹೋಗಿಲ್ಲ. ಅದೇ ಹೋಯ್ತು."

ಶುಕ್ರವಾರ ಒಂಬತ್ತನೇ ನಿಮಿಷಕ್ಕೆ ಹೋಯಿತು. ಮುಂದಿನ ಮಂಗಳವಾರ ಇಪ್ಪತ್ತಾರಕ್ಕೆ. ಅದರ ಮುಂದಿನ ಸಲ ಎರಡಕ್ಕೇ. ಸಾಹೇಬರು ಹಳೆಯ ಕಚೇರಿಯ ನೋಟ್‌ಪುಸ್ತಕವೊಂದನ್ನು ತೆಗೆದು ಗೆರೆ ಎಳೆದು, ದಿನಾಂಕ, ಇಟ್ಟ ವೇಗ, ವೋಲ್ಟೇಜ್, ಸೆಟ್ಟಿಂಗಿನ ಪುಟ ತೋರಿಸಿದ ಬಿಸಿ, ನಿಂತ ನಿಮಿಷ ಎಲ್ಲವನ್ನೂ ಬರೆದರು. ಎರಡು ಪುಟ ತುಂಬಿತು. ನಿಮಿಷಗಳ ಸಾಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ವೋಲ್ಟೇಜ್ ಒಂದು ಪಾಯಿಂಟ್ ಮೂರಕ್ಕೆ ಏರಿಸಿದರು. ಬಿಸಿ ಏರಿತು, ನಿಲ್ಲುವುದು ನಿಲ್ಲಲಿಲ್ಲ. ಮತ್ತೆ ಇಳಿಸಿದರು.

ಆಮೇಲೆ ಪ್ರೊಸೆಸರಿನ ಶಕ್ತಿಪರೀಕ್ಷೆ ಮಾಡುವ ಪ್ರೋಗ್ರಾಮೊಂದು ಸಿಕ್ಕಿತು. ಚಿಪ್ಪಿಗೆ ಹೊರಲಾರದಷ್ಟು ಲೆಕ್ಕ ಕೊಟ್ಟು ಗಾಣದೆತ್ತಿನಂತೆ ದುಡಿಸುತ್ತದೆ. ತಪ್ಪು ಮಾಡಿದರೆ ಹೇಳುತ್ತದೆ. ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಹಚ್ಚಿ, ಎದುರಿಗೆ ಕುರ್ಚಿ ಹಾಕಿ ಕುಳಿತರು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದೂ ತಪ್ಪಿಲ್ಲ. ಪಾಸು! ಅದೇ ಸಂಜೆ ಆಟದಲ್ಲಿ ಏಳನೇ ನಿಮಿಷಕ್ಕೆ ನೀಲಿ ಪರದೆ.

"ಇದೆಂಥದೇ ಇದು? ಎರಡು ಗಂಟೆ ಮೂಟೆ ಹೊತ್ತವನು ಏಳು ನಿಮಿಷ ಆಟ ಆಡೋಕಾಗದೆ ಬೀಳ್ತಾನಾ?" ಎಂದರು ಹೆಂಡತಿಗೆ.

"ಮೊದಲಿನ ಹಾಗೆ ನಾಲ್ಕು ಏಳಕ್ಕೇ ಇಡ್ರೀ. ಆಗ ಚೆನ್ನಾಗಿತ್ತಲ್ಲ."

"ಒಂದೇ ಮಾಲು, ಒಂದೇ ದಿನದ್ದು. ಅವರದ್ದು ಓಡತ್ತೆ, ನಂದು ಓಡಲ್ಲ ಅಂದ್ರೆ ಎಲ್ಲೋ ತಪ್ಪಿರಲೇಬೇಕು. ತಪ್ಪು ಎಲ್ಲಿ ಅಂತ ತಿಳೀದೆ ಇಳಿಸೋದು ಹೇಗೆ?"

ಆ ವಾರವೇ ಮಗಳ ಫೋನು ಬಂತು. ಅವಳು ಮಾತು ನುಂಗಿ ನುಂಗಿ ಆಡಿದಳು. "ಅಪ್ಪಾ, ಬೇಜಾರು ಮಾಡ್ಕೋಬೇಡ. ಮಾವ ಏನೋ ಅಂದ್ರು. ಅವರು ಗೆಲ್ಲೋ ಹೊತ್ತಿಗೆ ನೀನು ಬೇಕಂತಲೇ ಆಫ್ ಮಾಡ್ತೀಯಂತೆ. ಹಳೇ ಸಿಟ್ಟು ಇನ್ನೂ ಇದೆ ಅಂತಾರೆ."

ಸಾಹೇಬರು ಫೋನು ಕೆಳಗಿಟ್ಟರು. ಮೂವತ್ತೊಂದು ವರ್ಷದಲ್ಲಿ ಜನ ಅವರನ್ನು ಮೊಂಡ ಎಂದಿದ್ದರು, ಕಲ್ಲು ಎಂದಿದ್ದರು. ಮೋಸಗಾರ ಎಂದವರು ಒಬ್ಬರೂ ಇರಲಿಲ್ಲ.

ಮರುದಿನ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದರು. ಕೀಲಿಕೈ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಕೋಣೆ. ನಡೆಸುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಮಣಿಕಟ್ಟಿಗೆ ಅಯಸ್ಕಾಂತದ ಪಟ್ಟಿ, ಅದಕ್ಕೆ ಬಳೆಯ ಹಾಗೆ ಸುತ್ತಲೂ ಅಂಟಿಕೊಂಡ ಸ್ಕ್ರೂಗಳು. ಸಾಹೇಬರು ನೋಟ್‌ಪುಸ್ತಕ ಬಿಚ್ಚಿಟ್ಟರು. ಅವಳು ಎರಡು ಪುಟವನ್ನೂ ಓದಿದಳು.

"ಇಷ್ಟು ಚೆನ್ನಾಗಿ ರೋಗದ ಚರಿತ್ರೆ ಬರ್ಕೊಂಡು ಬಂದವರು ನೀವೇ ಮೊದಲು ಸಾರ್. ಆದ್ರೆ ಪರೀಕ್ಷೆ ನಡೆಯೋವಾಗ ವೇಗ ಎಷ್ಟಿತ್ತು ಅಂತ ಬರ್ದಿಲ್ವಲ್ಲ?"

"ಐದು. ಐದಕ್ಕೇ ಇಟ್ಟಿದ್ದೆ."

"ಇಟ್ಟಿದ್ದು ಐದು. ಓಡಿದ್ದು ಎಷ್ಟು?"

ಸಾಹೇಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಪರದೆಯ ಮೂಲೆಯಲ್ಲಿ ವೇಗವನ್ನೂ ಬಿಸಿಯನ್ನೂ ಕ್ಷಣಕ್ಷಣಕ್ಕೆ ತೋರಿಸುವ ಪುಟ್ಟ ಪ್ರೋಗ್ರಾಮು ಹಾಕಿ, ಶಕ್ತಿಪರೀಕ್ಷೆ ಹಚ್ಚಿದಳು. ಐದು ಎಂದು ತೋರಿಸಿದ ಅಂಕಿ ಅರ್ಧ ನಿಮಿಷದಲ್ಲಿ ಸರಸರ ಇಳಿದು ನಾಲ್ಕು ಐದಕ್ಕೆ ಬಂದು ಕುಳಿತಿತು.

"ಕರೆಂಟು ಎಳೆಯೋಕೆ ಇದಕ್ಕೊಂದು ಮಿತಿ ಇದೆ. ಭಾರ ಜಾಸ್ತಿ ಆದ್ರೆ ತಾನೇ ನಿಧಾನ ಮಾಡ್ಕೊಳ್ಳತ್ತೆ. ಅದಕ್ಕೇ ಪರೀಕ್ಷೆ ಪಾಸು. ಆಟ ಇಷ್ಟು ಭಾರ ಅಲ್ಲ, ಅಲ್ಲಿ ನಿಜವಾಗ್ಲೂ ಐದಕ್ಕೆ ಓಡತ್ತೆ. ಎಡವಿ ಬೀಳತ್ತೆ."

"ಅಂದ್ರೆ ಪರೀಕ್ಷೆಯಲ್ಲಿ ನಮಗೆ ಸುಳ್ಳು ಹೇಳ್ತಾ?"

"ಸುಳ್ಳಲ್ಲ ಸಾರ್. ನಾವು ಕೇಳಿರಲಿಲ್ಲ."

"ನಮ್ಮ ಬೀಗರದ್ದು ಇದೇ ಚಿಪ್ಪು. ಇದೇ ಸೆಟ್ಟಿಂಗು. ಐದಕ್ಕೆ ಓಡತ್ತೆ, ಬೀಳಲ್ಲ."

"ಒಂದೊಂದು ಚಿಪ್ಪು ಒಂದೊಂದು ಥರ ಸಾರ್. ನಾಲ್ಕು ಏಳಕ್ಕೆ ಮಾತ್ರ ಕಂಪನಿ ಹೊಣೆ. ಅದರ ಮೇಲೆ ಅದೃಷ್ಟ. ಐದಕ್ಕೆ ಓಡೋದೂ ಉಂಟು, ನಾಲ್ಕು ಎಂಟಕ್ಕೇ ಉಸ್ಸಪ್ಪಾ ಅನ್ನೋದೂ ಉಂಟು."

"ನಮ್ಮಲ್ಲೂ ತೂಕದ ಬಟ್ಟಿಗೆ ಇಷ್ಟು ವ್ಯತ್ಯಾಸ ಇರಬಹುದು ಅಂತ ಕಾನೂನಿದೆಯಮ್ಮಾ. ಆದರೆ ಅದು ಸಾಸಿವೆಯಷ್ಟು. ಒಂದೇ ಮುದ್ರೆ ಒತ್ತಿ, ಒಂದು ಇಲ್ಲಿ, ಇನ್ನೊಂದು ಆಕಾಶದಲ್ಲಿ ಅಂದ್ರೆ ಮುದ್ರೆ ಯಾಕೆ?"

ಅವಳು ನಕ್ಕಳು. "ನಂಗೊತ್ತಿಲ್ಲ ಸಾರ್. ನೋಡೋದಾದ್ರೆ ಬೀಗರ ಮನೇಲೂ ಈ ಪ್ರೋಗ್ರಾಮು ಹಾಕಿ ನೋಡಿ" ಎಂದು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಮಗಳ ಮದುವೆಯಾದ ಮೇಲೆ ಸಾಹೇಬರು ಬೀಗರ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲಿನವರೆಗೂ ರಬ್ಬರಿನ ವಾಸನೆ. ಬೀಗರೇ ಬಾಗಿಲು ತೆಗೆದರು.

"ನಾನು ಬೇಕಂತ ಆಫ್ ಮಾಡಿಲ್ಲ. ಯಾಕೆ ಹಾಗಾಗತ್ತೆ ಅಂತ ನೋಡೋಕೆ ಬಂದಿದ್ದೀನಿ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದರು ಸಾಹೇಬರು.

"ಅಯ್ಯೋ ಬನ್ನಿ ಬನ್ನಿ! ನೋಡಿ, ಐದರ ಓಟ ಅಂದ್ರೆ ಏನು ಅಂತ!"

ಪುಟ್ಟ ಪ್ರೋಗ್ರಾಮು ಹಾಕಿಕೊಂಡು ಬೀಗರು ಓಟ ಶುರುಮಾಡಿದರು. ಮೂಲೆಯಲ್ಲಿ ಐದು ಎಂದಿತ್ತು. ಎರಡನೇ ತಿರುವಿಗೆ ನಾಲ್ಕು ಎಂಟು. ಸೇತುವೆ ದಾಟುವಷ್ಟರಲ್ಲಿ ನಾಲ್ಕು ಮೂರು. ಬಿಸಿ ನೂರು ಡಿಗ್ರಿ. ಆಮೇಲೆ ಅಂಕಿ ಅಲ್ಲಿಂದ ಮೇಲೇಳಲೇ ಇಲ್ಲ. ಬೀಗರ ಕಣ್ಣು ರಸ್ತೆಯ ಮೇಲಿತ್ತು. "ನೋಡಿದ್ರಾ! ನೋಡಿದ್ರಾ ಹೇಗೆ ಹಾರ್ತಿದೆ!" ಎನ್ನುತ್ತಿದ್ದರು.

ಸಾಹೇಬರು ನೋಡಿದರು. ಕಂಪನಿ ಕೊಟ್ಟ ನಾಲ್ಕು ಏಳಕ್ಕಿಂತ ಕಡಿಮೆ! ಅವರ ನೋಟ ಪೆಟ್ಟಿಗೆಯ ಮುಂಭಾಗಕ್ಕೆ ಹೋಯಿತು. ಗಾಳಿ ಹೋಗುವ ಜಾಲರಿಗೆ ಟೈರು ಅಂಗಡಿಯ ಕರಿ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಒಳಗೆ ಗಾಳಿಯಿಲ್ಲ, ಚಿಪ್ಪು ಬೇಯುತ್ತಿದೆ, ಬೆಂದು ನಿಧಾನವಾಗುತ್ತಿದೆ, ನಿಧಾನವಾದ್ದರಿಂದಲೇ ಬೀಳದೆ ಓಡುತ್ತಿದೆ. ಹಾಗಾದರೆ ಬೀಗರ ಕಾರು ಯಾವಾಗಲೂ ಮುಂದೆ ಇರುತ್ತಿದ್ದದ್ದು ಹೇಗೆ? ಬೀಗರ ಕೈ ಚಳಕವೇ? ಇದು ಸಾಹೇಬರಿಗೆ ಹೊಳೆದಾಗ ಎಲ್ಲಕ್ಕಿಂತ ಹೆಚ್ಚು ಗೊಂದಲವಾಯಿತು.

ಮೋಸದ ತಕ್ಕಡಿ ಕಂಡರೆ ಅಲ್ಲೇ ಹೇಳುವುದು ಅವರ ವೃತ್ತಿ. ಬಾಯಿ ತೆರೆದರು ಕೂಡ. ಆದರೆ ಬೀಗರು ಆ ಹೊತ್ತಿಗೆ ಎರಡನೆಯವರಾಗಿ ಗುರಿ ಮುಟ್ಟಿ, ಕುರ್ಚಿಯಲ್ಲಿ ತಿರುಗಿ, ಬಹುಮಾನ ತಂದ ಮಗುವಿನ ಹಾಗೆ ಇವರ ಮುಖ ನೋಡಿದರು. ಸಾಹೇಬರ ಬಾಯಿಂದ ಬಂದದ್ದು ಬೇರೆಯೇ ಮಾತು.

"ಧೂಳು ಬಹಳ ಇದೆ. ಒಂದು ಬ್ರಷ್ ಕೊಡಿ, ತೆಗೆದುಬಿಡ್ತೀನಿ."

ಬೀಗರು ಕೆಳಗಿನಿಂದ ಬ್ರಷ್ಷು ತಂದರು. ಸಾಹೇಬರು ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು ಕುಳಿತು, ಜಾಲರಿ, ಫ್ಯಾನು, ಚಿಪ್ಪಿನ ಬಿಸಿ ಹೀರುವ ಲೋಹದ ರೆಕ್ಕೆಗಳು ಎಲ್ಲವನ್ನೂ ಅರ್ಧ ಗಂಟೆ ಒರೆಸಿದರು. ಚಹಾ ಬಂತು. ಹಳೆಯ ಮಾತು ಯಾವುದೂ ಬರಲಿಲ್ಲ. ಮೊಮ್ಮಗಳ ಹಲ್ಲು ಬಿದ್ದ ವಿಷಯ ಮಾತಾಡಿ ಸಾಹೇಬರು ಬಸ್ಸು ಹಿಡಿದರು.

ಶುಕ್ರವಾರ ಓಟದ ಎಂಟನೇ ನಿಮಿಷಕ್ಕೆ ಬೀಗರ ಕಾರು ಮಂಗಮಾಯವಾಯಿತು. ಮರುಗಳಿಗೆಯೇ ಫೋನಿನಲ್ಲಿ ಕೂಗು.

"ನೀಲಿ ಆಯ್ತು ಬೀಗ್ರೇ! ನನ್ನ ಮಿಷನ್ನು ನೀಲಿ ಆಯ್ತು! ಏನ್ ಮಾಡಿ ಹೋದ್ರಿ?"

ಸಾಹೇಬರಿಗೆ ಲೆಕ್ಕ ಹೊಳೆಯಿತು. ಧೂಳು ಹೋಯಿತು, ಬಿಸಿ ಇಳಿಯಿತು, ಬೀಗರ ಚಿಪ್ಪು ಮೊದಲ ಬಾರಿಗೆ ನಿಜವಾದ ಐದರಲ್ಲಿ ಓಡಿತು, ಬಿತ್ತು. ಹೀಗಾಗುತ್ತದೆ ಎಂದು ಬ್ರಷ್ಷು ಹಿಡಿದಾಗ ತನಗೆ ಗೊತ್ತಿತ್ತೇ? ಗೊತ್ತಿದ್ದೇ ಒರೆಸಿದೆನೇ? ಉಪಕಾರ ಎಂದುಕೊಂಡು ಮಾಡಿದ್ದು ಹೌದು. ಆದರೆ ಅದಕ್ಕೆ ಐದು ನಿಮಿಷ ಮುಂಚೆ ಎಲ್ಲ ಲೆಕ್ಕವೂ ತಲೆಯಲ್ಲಿ ಓಡಿದ್ದೂ ಹೌದು. ಎಷ್ಟು ಯೋಚಿಸಿದರೂ ತಕ್ಕಡಿಯ ಮುಳ್ಳು ಆ ಕಡೆಗೂ ವಾಲಲಿಲ್ಲ, ಈ ಕಡೆಗೂ ವಾಲಲಿಲ್ಲ.

ಅವರು ಎಲ್ಲವನ್ನೂ ಹೇಳಿದರು. ನೂರು ಡಿಗ್ರಿ, ನಾಲ್ಕು ಮೂರು, ಧೂಳು, ಎಲ್ಲ.

"ಹಾಗಾದ್ರೆ ಇಷ್ಟು ದಿನ ನಾನು ನಾಲ್ಕು ಮೂರರಲ್ಲಿ ಓಡಿಸ್ತಿದ್ನಾ?"

"ಹೌದು."

"ಪಕ್ಕದಲ್ಲೇ ಕೂತಿದ್ರಲ್ಲ. ಆಗ್ಲೇ ಯಾಕೆ ಹೇಳ್ಲಿಲ್ಲ?"

"ಅದು ನನಗೂ ಗೊತ್ತಾಗ್ತಿಲ್ಲ ಬೀಗ್ರೇ."

ಫೋನು ಕಟ್ಟಾಯಿತು. ಮಂಗಳವಾರ ನಾಲ್ಕಕ್ಕೆ ಸಾಹೇಬರು ಕಂಪ್ಯೂಟರು ಹಚ್ಚಿ ಕಾದರು. ಬೀಗರು ಬರಲಿಲ್ಲ. ಶುಕ್ರವಾರವೂ ಹಾಗೆಯೇ. ಇನ್ನೊಂದು ಏಳು ವರ್ಷ ಶುರುವಾಯಿತೇ ಎಂದು ಸಾಹೇಬರು ಅಂದುಕೊಂಡರು. ಆ ಲೆಕ್ಕಕ್ಕೆ ತಮ್ಮ ವಯಸ್ಸನ್ನು ಕೂಡಿಸಿ ನೋಡಿ ದಿಗಿಲುಗೊಂಡರು.

ಶನಿವಾರ ಬೆಳಿಗ್ಗೆ ಮನೆಯ ಮುಂದೆ ಟೈರು ಅಂಗಡಿಯ ಗಾಡಿ ನಿಂತಿತು. ಮುಂದಿನ ಸೀಟಿನಲ್ಲಿ ಕಂಪ್ಯೂಟರು, ಸೀಟುಬೆಲ್ಟು ಕಟ್ಟಿಸಿಕೊಂಡು ಕುಳಿತಿತ್ತು.

"ನಿಮ್ದೂ ತಗೊಳ್ಳಿ. ಆ ರಿಪೇರಿ ಅಮ್ಮನ ಹತ್ರ ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ. ಧೂಳು ಇಲ್ದೆ, ಏನೂ ಇಲ್ದೆ. ಯಾರ್ದು ಎಷ್ಟು ಅಂತ ಆಗ್ಲಿ" ಎಂದರು ಬೀಗರು. ಸಿಟ್ಟಿದೆಯೋ ಇಲ್ಲವೋ ದನಿಯಿಂದ ತಿಳಿಯುವಂತಿರಲಿಲ್ಲ. ಅವರು ಸಮಾಧಾನದಲ್ಲೂ ಕೂಗಿಯೇ ಮಾತಾಡುವವರು.

ಇಡೀ ದಿನ ಹಿಡಿಯಿತು. ರಿಪೇರಿಯ ಹೆಂಗಸು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ನಾಲ್ಕು ಏಳರಿಂದ ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿಗೂ ಕಾರಿನ ಓಟವನ್ನೇ ಒಂದು ಗಂಟೆ ಓಡಿಸಿದಳು. ಓಡಿಸಿದ್ದು ಬೀಗರಿಬ್ಬರೇ, ಅಂಗಡಿಯ ಎರಡು ಸ್ಟೂಲಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಕೀಲಿಕೈಯವನು ಕೆಲಸ ಬಿಟ್ಟು ಬಂದು ನಿಂತ. ನಾಲ್ಕು ಎಂಟರಲ್ಲಿ ಎರಡೂ ನಿಂತುಕೊಂಡವು. ನಾಲ್ಕು ಒಂಬತ್ತರಲ್ಲಿ ಸಾಹೇಬರದು ನಲವತ್ತನೇ ನಿಮಿಷಕ್ಕೆ ಬಿತ್ತು. ಬೀಗರದು ಬೀಳಲಿಲ್ಲ.

"ಹೇಳಲಿಲ್ವಾ ನಾನು!" ಬೀಗರ ಕೂಗಿಗೆ ಜೆರಾಕ್ಸ್ ಅಂಗಡಿಯವರೂ ಹೊರಗೆ ಬಂದರು. "ನಂದೇ ಮೇಲು!"

"ಒಂದು ಹೆಜ್ಜೆ ಮೇಲು" ಎಂದರು ಸಾಹೇಬರು.

"ಯಾಕೆ?" ಬೀಗರು ರಿಪೇರಿಯವಳ ಕಡೆ ತಿರುಗಿದರು.

ರಿಪೇರಿಯವಳು ಹೆಗಲು ಕುಣಿಸಿದಳು. "ಅದು ಹಾಗೆ ಹುಟ್ಟಿದೆ, ಇದು ಹೀಗೆ ಹುಟ್ಟಿದೆ. ಅದಕ್ಕಿಂತ ಜಾಸ್ತಿ ನಂಗೂ ಗೊತ್ತಿಲ್ಲ. ಎರಡನ್ನೂ ನಾಲ್ಕು ಎಂಟಕ್ಕೆ ಇಟ್ಟುಕೊಡ್ಲಾ? ನಿಶ್ಚಿಂತೆ."

ಬೀಗರು ಸಾಹೇಬರ ಕಡೆ ನೋಡಿದರು. ನಾಲ್ಕು ಒಂಬತ್ತರ ಆ ಇನ್ನೊಂದು ಹೆಜ್ಜೆ ಬೀಗರದಾಗಿತ್ತು, ನ್ಯಾಯವಾಗಿ ಗೆದ್ದದ್ದು. "ನಾಲ್ಕು ಎಂಟೇ ಇಡಮ್ಮಾ" ಎಂದರು ಅವರು, ಅಪರೂಪಕ್ಕೆ ಸಣ್ಣ ದನಿಯಲ್ಲಿ. ಯಾಕೆ ಹಾಗೆಂದರು ಎಂದು ಸಾಹೇಬರು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರುತ್ತಿತ್ತೋ ಇಲ್ಲವೋ.

ಮಂಗಳವಾರದ ಓಟ ಐವತ್ತು ನಿಮಿಷ ನಡೆಯಿತು. ಯಾರೂ ನಿಲ್ಲಲಿಲ್ಲ, ಯಾವುದೂ ನೀಲಿಯಾಗಲಿಲ್ಲ. ಬೀಗರು ಐದನೆಯವರು, ಸಾಹೇಬರು ಹದಿನಾಲ್ಕನೆಯವರು. ಮೊದಲಿಗಿಂತಲೂ ಹಿಂದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪರದೆ ನೋಡಿದರು.

"ಏನಾಯ್ತು ರೀ? ಗೆದ್ರಾ?"

ಫೋನಿನಲ್ಲಿ ಬೀಗರು ಮೂರನೇ ತಿರುವಿನಲ್ಲಿ ಬ್ರೇಕು ಯಾವಾಗ ಹಾಕಬೇಕಿತ್ತು ಎಂದು ಒಂದೇ ಸಮನೆ ಹೇಳುತ್ತಿದ್ದರು. ಇವರಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ.

"ತಡಿ, ಅವರು ಮುಗಿಸ್ಲಿ" ಎಂದು ಕೈಸನ್ನೆ ಮಾಡಿ, ಅವರು ಕಿವಿಯ ಹತ್ತಿರ ಫೋನನ್ನು ಇನ್ನಷ್ಟು ಒತ್ತಿಕೊಂಡರು.